ದೀಪದ ಬಿಸಿಲು: ಟ್ಯಾನಿಂಗ್ ಬೆಡ್‌ನ ಚರಿತ್ರೆ ಮತ್ತು ಹೆಂಗಸರ ಚರ್ಮದ ಕ್ಯಾನ್ಸರ್

ಹೊರಗೆ ಬಿಸಿಲಿಗೆ ಹೋಗದೆ, ಕೋಣೆಯೊಳಗೆ ಅತಿನೇರಳೆ ದೀಪಗಳ ನಡುವೆ ಮಲಗಿ ಬಿಳಿಯ ಮೈಯನ್ನು ಕಂದು ಮಾಡಿಕೊಳ್ಳುವ ರೂಢಿ ಯುರೋಪು, ಉತ್ತರ ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ದೊಡ್ಡ ವ್ಯಾಪಾರವಾಗಿ ಬೆಳೆದದ್ದು 1970ರ ದಶಕದ ಕೊನೆಯಿಂದೀಚೆಗೆ. ಇದಕ್ಕೆ ಬಳಸುವ ಯಂತ್ರ ಮುಚ್ಚಳವಿರುವ ಮಂಚದ ಹಾಗಿರುತ್ತದೆ. ಕೆಳಗೊಂದು ಸಾಲು, ಮೇಲೊಂದು ಸಾಲು ಟ್ಯೂಬ್‌ಲೈಟ್. ನಡುವಿನ ಪಾರದರ್ಶಕ ಹಾಳೆಯ ಮೇಲೆ ಗಿರಾಕಿ ಬಟ್ಟೆ ಕಳಚಿ, ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಹತ್ತಿಪ್ಪತ್ತು ನಿಮಿಷ ಮಲಗಬೇಕು. ಅಮೆರಿಕದಲ್ಲಿ ಇದನ್ನು ಟ್ಯಾನಿಂಗ್ ಬೆಡ್ ಎನ್ನುತ್ತಾರೆ, ಬ್ರಿಟನ್ನಿನಲ್ಲಿ ಸನ್‌ಬೆಡ್, ಆಸ್ಟ್ರೇಲಿಯಾದಲ್ಲಿ ಮತ್ತು ಯುರೋಪಿನ ಹಲವೆಡೆ ಸೊಲೇರಿಯಂ. ಗಿರಾಕಿಗಳಲ್ಲಿ ಹೆಚ್ಚಿನವರು ಎಳೆಯ ವಯಸ್ಸಿನ ಬಿಳಿಯ ಹೆಂಗಸರು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾಗಿ ಫ್ರಾನ್ಸಿನ ಲಿಯಾನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2009ರಲ್ಲಿ ಈ ಯಂತ್ರವನ್ನು ತಂಬಾಕು, ಆಸ್ಬೆಸ್ಟಾಸ್‌ಗಳಿರುವ, ಖಚಿತವಾಗಿ ಕ್ಯಾನ್ಸರ್ ತರುವವುಗಳ ಪಟ್ಟಿಗೆ ಸೇರಿಸಿತು. ಆದರೆ ಈ ದೀಪ ಹುಟ್ಟಿದ್ದು ಆಸ್ಪತ್ರೆಯಲ್ಲಿ, ರೋಗ ವಾಸಿಮಾಡಲೆಂದೇ. ಆಸ್ಪತ್ರೆಯಿಂದ ಅಂಗಡಿಗೆ ಬರುವಾಗ ಅದು ವೈದ್ಯರ ಮೇಲಿನ ಜನರ ನಂಬಿಕೆಯನ್ನು ಜೊತೆಗೆ ತಂದಿತು. ವೈದ್ಯರು ಅಳೆದು ಕೊಡುತ್ತಿದ್ದ ಪ್ರಮಾಣವನ್ನು ಮಾತ್ರ ಅಲ್ಲೇ ಬಿಟ್ಟು ಬಂದಿತು. ಅದರ ಬೆಲೆ ತೆತ್ತವರು ಬಹುಮಟ್ಟಿಗೆ ಹೆಂಗಸರು.

ಹತ್ತೊಂಬತ್ತನೆಯ ಶತಮಾನ ಮುಗಿಯುವವರೆಗೂ ಯುರೋಪಿನ ಉಳ್ಳವರ ಮನೆಯ ಹೆಂಗಸರಿಗೆ ಬಿಸಿಲೆಂದರೆ ಆಗುತ್ತಿರಲಿಲ್ಲ. ಹೊಲದಲ್ಲಿ ದುಡಿಯುವವರ ಮೈ ಬಿಸಿಲಿಗೆ ಕಂದುತ್ತಿತ್ತು. ಬೆಳ್ಳಗಿರುವುದು ದುಡಿಯದೆ ಉಣ್ಣುವ ಮನೆತನದ ಗುರುತಾಗಿತ್ತು. ಅಗಲ ಅಂಚಿನ ಟೋಪಿ, ಮೊಣಕೈ ಮುಟ್ಟುವ ಕೈಗವಸು, ಲೇಸಿನ ಕೊಡೆ ಇಲ್ಲದೆ ಅವರು ಹೊರಗೆ ಕಾಲಿಡುತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ ಮೊದಲನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ ಸೀಸದ ಬಿಳಿಯನ್ನು ವಿನೆಗರ್‌ನಲ್ಲಿ ಕಲಸಿ ಮುಖಕ್ಕೆ ಬಳಿದುಕೊಳ್ಳುತ್ತಿದ್ದರು. ಆ ಲೇಪ ಚರ್ಮವನ್ನು ಕೆಡಿಸಿ ಮೈಗೆ ವಿಷ ಏರಿಸುತ್ತಿತ್ತು. ಕಾಲಕ್ಕೆ ತಕ್ಕ ಮೈಬಣ್ಣಕ್ಕಾಗಿ ಹೆಣ್ಣು ತನ್ನ ಆರೋಗ್ಯವನ್ನು ಒತ್ತೆಯಿಡುವುದು ಹಾಗಾಗಿ ಟ್ಯಾನಿಂಗ್ ಬೆಡ್‌ನಿಂದ ಶುರುವಾದದ್ದಲ್ಲ. ಬೇಕಾದ ಬಣ್ಣ ಯಾವುದು ಎಂಬುದಷ್ಟೇ ಬದಲಾಯಿತು.

ಬೆಳಕು ಔಷಧಿಯಾದ ಕತೆ 1877ರಲ್ಲಿ ಶುರುವಾಗುತ್ತದೆ. ಆ ವರ್ಷ ಇಂಗ್ಲೆಂಡಿನ ಆರ್ಥರ್ ಡೌನ್ಸ್ ಮತ್ತು ಥಾಮಸ್ ಬ್ಲಂಟ್ ಸೂರ್ಯನ ಬೆಳಕು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆಂದು ತೋರಿಸಿದರು. ಐದು ವರ್ಷಗಳ ಮೇಲೆ ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ಗುರುತಿಸಿದರು. ಕ್ಷಯ ಶ್ವಾಸಕೋಶಕ್ಕಷ್ಟೇ ಬರುವ ರೋಗವಲ್ಲ. ಮುಖದ ಚರ್ಮಕ್ಕೆ ಹತ್ತಿ ಮೂಗು, ತುಟಿ, ಕೆನ್ನೆಗಳನ್ನು ತಿಂದುಹಾಕುವ ಅದರ ಒಂದು ಬಗೆ ಆಗಿನ ಉತ್ತರ ಯುರೋಪಿನಲ್ಲಿ ಸಾಮಾನ್ಯವಾಗಿತ್ತು. ಅದು ಬಂದವರು ಮುಖ ಮುಚ್ಚಿಕೊಂಡೇ ಬದುಕಬೇಕಿತ್ತು. ಫೇರೋ ದ್ವೀಪಗಳಲ್ಲಿ ಹುಟ್ಟಿ ಕೋಪನ್‌ಹೇಗನ್ನಿನಲ್ಲಿ ನೆಲೆಸಿದ್ದ ನೀಲ್ಸ್ ಫಿನ್ಸೆನ್ ಎಂಬ ವೈದ್ಯರು ಇಂಗಾಲದ ಆರ್ಕ್ ದೀಪದ ಬೆಳಕನ್ನು ಸ್ಫಟಿಕದ ಮಸೂರಗಳಲ್ಲಿ ಹಾಯಿಸಿ, ನೀರಿನಿಂದ ತಂಪುಮಾಡಿ, ರೋಗ ಹತ್ತಿದ ಜಾಗಕ್ಕೆ ಬೀಳಿಸಿದರು. ಒಬ್ಬೊಬ್ಬ ರೋಗಿಯ ಪಕ್ಕದಲ್ಲೂ ಒಬ್ಬ ನರ್ಸ್ ಕೂತು ಮಸೂರವನ್ನು ಚರ್ಮಕ್ಕೆ ಒತ್ತಿ ಹಿಡಿಯಬೇಕಿತ್ತು. ದಿನಕ್ಕೆ ಒಂದು ಗಂಟೆ ಅಥವಾ ಅದಕ್ಕೂ ಹೆಚ್ಚು, ತಿಂಗಳುಗಟ್ಟಲೆ ಹೀಗೆ ನಡೆದು ಎಷ್ಟೋ ಜನರ ಮುಖ ಮಾಗಿತು. 1896ರಲ್ಲಿ ಕೋಪನ್‌ಹೇಗನ್ನಿನಲ್ಲಿ ಅವರ ಹೆಸರಿನ ಬೆಳಕಿನ ಚಿಕಿತ್ಸಾಲಯ ತೆರೆಯಿತು. 1903ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಡೆನ್ಮಾರ್ಕಿನ ರಾಜಕುಮಾರಿಯಾಗಿದ್ದು ಬ್ರಿಟನ್ನಿನ ರಾಜಮನೆತನ ಸೇರಿದ್ದ ಅಲೆಕ್ಸಾಂಡ್ರಾ ಅದೇ ಬಗೆಯ ದೀಪವನ್ನು ಲಂಡನ್ನಿನ ಒಂದು ಆಸ್ಪತ್ರೆಗೂ ಕೊಡಿಸಿದರು.

ಅದೇ 1903ರಲ್ಲಿ ಆಗುಸ್ತ್ ರೋಲಿಯೆ ಎಂಬ ವೈದ್ಯರು ಸ್ವಿಟ್ಜರ್ಲೆಂಡಿನ ಬೆಟ್ಟದೂರು ಲೇಸಾದಲ್ಲಿ ಬಿಸಿಲಿನ ಚಿಕಿತ್ಸಾಲಯ ತೆರೆದು, ಮೂಳೆ ಕ್ಷಯದ ಮಕ್ಕಳನ್ನು ಜಗಲಿಯ ಮೇಲೆ ಹಂತಹಂತವಾಗಿ ಬಿಸಿಲಿಗೆ ಒಡ್ಡತೊಡಗಿದರು. ಮೊದಲ ದಿನ ಪಾದಗಳಿಗೆ ಕೆಲವೇ ನಿಮಿಷ, ಆಮೇಲೆ ಕಾಲು, ತೊಡೆ, ಹೀಗೆ ದಿನ ಕಳೆದಂತೆ ಇಡೀ ಮೈಗೆ. ಮೊದಲ ಮಹಾಯುದ್ಧ ಮುಗಿದ ಮೇಲೆ ಹಸಿವಿನಿಂದ ಕಂಗೆಟ್ಟಿದ್ದ ಬರ್ಲಿನ್ನಿನಲ್ಲಿ ಕುರ್ಟ್ ಹುಲ್ಡ್‌ಶಿನ್‌ಸ್ಕಿ ಎಂಬ ಮಕ್ಕಳ ವೈದ್ಯರು ರಿಕೆಟ್ಸ್‌ನಿಂದ ಮೂಳೆ ಬಾಗಿದ ಮಕ್ಕಳನ್ನು ಪಾದರಸದ ಸ್ಫಟಿಕ ದೀಪದ ಕೆಳಗೆ ಮಲಗಿಸಿ ಗುಣಪಡಿಸಿದರು. ಒಂದು ತೋಳಿಗೆ ಮಾತ್ರ ಬೆಳಕು ಕೊಟ್ಟರೂ ಇನ್ನೊಂದು ತೋಳಿನ ಮೂಳೆಯೂ ಗಟ್ಟಿಯಾಗುತ್ತದೆಂಬುದನ್ನು ಎಕ್ಸ್‌ರೇ ತೋರಿಸಿತು. ಚರ್ಮದಲ್ಲಿ ತಯಾರಾದ ಯಾವುದೋ ವಸ್ತು ರಕ್ತದಲ್ಲಿ ಹರಿದು ಮೂಳೆ ಸೇರುತ್ತಿತ್ತು. ಅದೇ ಮುಂದೆ ಡಿ ವಿಟಮಿನ್ ಎಂದು ಹೆಸರಾಯಿತು. ಈ ಮೂವರ ಕೆಲಸದಲ್ಲಿ ಸುಳ್ಳಿರಲಿಲ್ಲ. ಕ್ಷಯಕ್ಕೆ ಬೇರೆ ಮದ್ದೇ ಇಲ್ಲದ ಕಾಲದಲ್ಲಿ ಅವರು ನಿಜವಾಗಿಯೂ ಜನರನ್ನು ಉಳಿಸಿದರು. ಅವರಲ್ಲಿ ಯಾರೂ ಆರೋಗ್ಯವಂತರಿಗೆ ದೀಪ ಹಿಡಿಯಲು ಹೊರಟವರಲ್ಲ.

ಆ ಕೆಲಸವನ್ನು ಮಾಡಿದ್ದು ಮಾರುಕಟ್ಟೆ. ಜರ್ಮನಿಯ ಹಾನಾವ್ ಪಟ್ಟಣದಲ್ಲಿ ತಯಾರಾಗುತ್ತಿದ್ದ ಸ್ಫಟಿಕ ದೀಪಗಳು ಬೆಟ್ಟದ ಬಿಸಿಲೆಂಬ ಹೆಸರಿನಲ್ಲಿ ಮನೆಮನೆಗೆ ಮಾರಾಟವಾದವು. ಕರಿಯ ಕನ್ನಡಕ ಹಾಕಿದ ಮಕ್ಕಳು ದೀಪದ ಸುತ್ತ ವೃತ್ತವಾಗಿ ನಿಂತ ಚಿತ್ರಗಳು ಎರಡು ಮಹಾಯುದ್ಧಗಳ ನಡುವಿನ ಯುರೋಪಿನಲ್ಲಿ ಆರೋಗ್ಯದ ಸಂಕೇತವೇ ಆದವು. ಅಮೆರಿಕದ ಅಂಗಡಿಗಳಲ್ಲಿ ಮೇಜಿನ ಮೇಲಿಡುವ ಸನ್‌ಲ್ಯಾಂಪ್ ಬಂತು. ಮುಂದೆ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್, ರಿಕೆಟ್ಸ್‌ಗೆ ಮೀನೆಣ್ಣೆ ಮತ್ತು ವಿಟಮಿನ್ ಸೇರಿಸಿದ ಹಾಲು ಸಿಕ್ಕಿದ ಮೇಲೆ ಆಸ್ಪತ್ರೆಗೆ ಈ ದೀಪದ ಅಗತ್ಯ ಬಹಳಷ್ಟು ಕಡಿಮೆಯಾಯಿತು. ಬಿಸಿಲಿನಲ್ಲಿ ಕಂದಿದ ಮೈಯೇ ಆರೋಗ್ಯವಂತ ಮೈ ಎಂಬ ನಂಬಿಕೆ ಮಾತ್ರ ಹೋಗಲಿಲ್ಲ.

ಅದೇ ಹೊತ್ತಿಗೆ ಉಡುಪು ಮತ್ತು ಸೌಂದರ್ಯದ ಲೋಕವೂ ತಿರುಗಿತ್ತು. 1923ರಲ್ಲಿ ಕೋಕೊ ಶನೆಲ್ ಎಂಬ ಪ್ಯಾರಿಸ್ಸಿನ ಉಡುಪು ವಿನ್ಯಾಸಕಿ ಹಡಗಿನಿಂದ ಫ್ರಾನ್ಸಿನ ದಕ್ಷಿಣ ಕರಾವಳಿಯಲ್ಲಿ ಕಂದಿದ ಮೈಯಲ್ಲಿ ಇಳಿದಳು, ಅದನ್ನು ಕಂಡು ಎಲ್ಲರೂ ಹಾಗಾಗಬಯಸಿದರು ಎಂಬ ಕತೆ ಎಲ್ಲ ಪುಸ್ತಕಗಳಲ್ಲಿದೆ. ಒಬ್ಬ ಹೆಂಗಸಿನ ಮೇಲೆ ಇಷ್ಟು ದೊಡ್ಡ ಬದಲಾವಣೆಯನ್ನು ಹೊರಿಸುವುದು ನ್ಯಾಯವಲ್ಲ. ಬಡವರು ಹೊಲ ಬಿಟ್ಟು ಗಿರಣಿ, ಕಾರ್ಖಾನೆ, ಕಚೇರಿ ಸೇರಿ ನೆರಳಿನಲ್ಲಿ ದುಡಿದು ಬಿಳಿಚಿಕೊಂಡಿದ್ದರು. ಸಮುದ್ರ ತೀರಕ್ಕೆ ಹೋಗಿ ಮಲಗುವಷ್ಟು ಬಿಡುವು, ದುಡ್ಡು ಇದ್ದವರ ಮೈ ಕಂದುತ್ತಿತ್ತು. ಹಳೆಯ ಗುರುತು ಹೀಗೆ ತಲೆಕೆಳಗಾಯಿತು. 1927ರಲ್ಲಿ ಜ್ಯಾ ಪಾತು ಕಂಪನಿ ಬಿಸಿಲಿಗೆ ಮೈಯೊಡ್ಡುವವರಿಗೆಂದೇ ಒಂದು ಎಣ್ಣೆ ತಂದಿತು. 1946ರಲ್ಲಿ ಬಿಕಿನಿ ಬಂತು. ಯುದ್ಧದ ಮೇಲೆ ವಿಮಾನದ ಟಿಕೆಟ್ ಅಗ್ಗವಾಗಿ ಸ್ವೀಡನ್, ನಾರ್ವೆ, ಬ್ರಿಟನ್ನಿನ ಸಾಮಾನ್ಯ ಸಂಸಾರಗಳೂ ಸ್ಪೇನಿನ ಕಡಲತೀರಕ್ಕೆ ಹೋಗತೊಡಗಿದವು. 1971ರಲ್ಲಿ ಅಮೆರಿಕದ ಹೆಣ್ಣುಮಕ್ಕಳ ಕೈಗೆ ಬಂದ ಮಾಲಿಬು ಬಾರ್ಬಿ ಗೊಂಬೆಯ ಮೈಯೂ ಬಿಸಿಲಿನಲ್ಲಿ ಕಂದಿದ್ದೇ ಆಗಿತ್ತು.

ಎಚ್ಚರಿಕೆಗೆ ಕೊರತೆಯಿರಲಿಲ್ಲ. 1894ರಲ್ಲೇ ಹ್ಯಾಂಬರ್ಗಿನ ಪಾಲ್ ಊನಾ ನಾವಿಕರ ಮುಖ, ಕೈಗಳ ಚರ್ಮ ಬಿಸಿಲಿಗೆ ಕೆಟ್ಟು ಕ್ಯಾನ್ಸರ್ ಆಗುವುದನ್ನು ಬರೆದಿದ್ದರು. ಬೋರ್ಡೋದ ವೈದ್ಯ ವಿಲಿಯಂ ದ್ಯುಬ್ರೆಯ್ ದ್ರಾಕ್ಷಿ ತೋಟದ ಕೂಲಿಗಳಲ್ಲಿ ಅದನ್ನೇ ಕಂಡರು. 1928ರಲ್ಲಿ ಬ್ರಿಟನ್ನಿನ ಜಾರ್ಜ್ ಫಿಂಡ್ಲೆ ಇಲಿಗಳಿಗೆ ಪಾದರಸ ದೀಪದ ಬೆಳಕು ಕೊಟ್ಟು ಚರ್ಮದ ಕ್ಯಾನ್ಸರ್ ಬರಿಸಿ ತೋರಿಸಿದರು. ಅದೇ ಬಗೆಯ ದೀಪ ಆಗ ಮನೆಗಳಲ್ಲಿ ಉರಿಯುತ್ತಿತ್ತು. 1956ರಲ್ಲಿ ಆಸ್ಟ್ರೇಲಿಯಾದ ಹೆನ್ರಿ ಲ್ಯಾಂಕಾಸ್ಟರ್ ಬಿಳಿಯರು ಸಮಭಾಜಕ ವೃತ್ತಕ್ಕೆ ಹತ್ತಿರವಾದಷ್ಟೂ ಮೆಲನೋಮದಿಂದ ಸಾಯುವುದು ಹೆಚ್ಚೆಂದು ಲೆಕ್ಕ ಹಾಕಿದರು. ಚರ್ಮದ ಕ್ಯಾನ್ಸರ್‌ಗಳಲ್ಲಿ ಮೆಲನೋಮ ಎಲ್ಲಕ್ಕಿಂತ ಅಪಾಯದ್ದು. ಬಣ್ಣ ಕೊಡುವ ಕೋಶಗಳಲ್ಲಿ ಹುಟ್ಟಿ, ತಡವಾದರೆ ಶ್ವಾಸಕೋಶ, ಯಕೃತ್ತು, ಮಿದುಳುಗಳಿಗೆ ಹರಡುತ್ತದೆ. ಉಳಿದೆರಡು, ತಳಪದರದ ಕೋಶಗಳದ್ದು ಮತ್ತು ಮೇಲ್ಪದರದ ಚಪ್ಪಟೆ ಕೋಶಗಳದ್ದು, ಸಾವು ತರುವುದು ಕಡಿಮೆ. ಆದರೆ ಕಣ್ಣು, ಮೂಗು, ಕಿವಿಯ ಸುತ್ತ ಕತ್ತರಿಸಿ ತೆಗೆಯಬೇಕಾದಾಗ ಮುಖ ಕೆಡುತ್ತದೆ.

ಹಳೆಯ ಸನ್‌ಲ್ಯಾಂಪ್‌ಗೆ ಒಂದು ದೋಷವಿತ್ತು. ಸ್ವಲ್ಪ ಹೊತ್ತು ಹೆಚ್ಚಾದರೆ ಚರ್ಮ ಸುಟ್ಟು ಕೆಂಪಾಗಿ ಬೊಬ್ಬೆ ಏಳುತ್ತಿತ್ತು; ಹಾಗಾಗಿ ಬಳಸುವವರು ಹೆದರುತ್ತಿದ್ದರು. ಅತಿನೇರಳೆಯಲ್ಲಿ ಚರ್ಮ ಸುಡುವುದು ಮುಖ್ಯವಾಗಿ 280ರಿಂದ 315 ನ್ಯಾನೊಮೀಟರ್ ಅಲೆಯುದ್ದದ ಬಿ ಕಿರಣ. 315ರಿಂದ 400ರವರೆಗಿನ ಎ ಕಿರಣ ಬೇಗ ಸುಡುವುದಿಲ್ಲ, ಆದರೆ ಚರ್ಮದ ಒಳಪದರದವರೆಗೂ ಇಳಿದು ಕಂದಿಸುತ್ತದೆ. 1970ರ ದಶಕದಲ್ಲಿ ಜರ್ಮನಿಯ ಫ್ರೀಡ್ರಿಕ್ ವುಲ್ಫ್ ಮುಖ್ಯವಾಗಿ ಎ ಕಿರಣವನ್ನೇ ಸೂಸುವ ಟ್ಯೂಬ್‌ಗಳನ್ನು ಜೋಡಿಸಿ ಮಲಗುವ ಯಂತ್ರ ಮಾಡಿದರು. ಆ ದಶಕದ ಕೊನೆಗೆ ಅದು ಅಮೆರಿಕಕ್ಕೂ ಹೋಯಿತು. ಸುಡದೆ ಕಂದಿಸುವ ಯಂತ್ರವೆಂದ ಮೇಲೆ ಅದು ಸುರಕ್ಷಿತವೆಂದು ಹೇಳಿ ಮಾರುವುದು ಸುಲಭವಾಯಿತು. ಇದು ಈ ಚರಿತ್ರೆಯಲ್ಲಿ ಅತ್ಯಂತ ದುಬಾರಿಯಾದ ತಪ್ಪು ತಿಳಿವಳಿಕೆ. ಸುಟ್ಟ ನೋವು ಮೈ ಕೊಡುವ ಎಚ್ಚರಿಕೆ. ಆ ಎಚ್ಚರಿಕೆ ಇಲ್ಲವಾದ್ದರಿಂದ ಬಳಸುವವರು ಹೆಚ್ಚು ಹೊತ್ತು, ಹೆಚ್ಚು ಸಲ ಮಲಗಿದರು. ಶಕ್ತಿಯುತ ಯಂತ್ರಗಳು ಸೂಸುವ ಎ ಕಿರಣ ಮೆಡಿಟರೇನಿಯನ್ ಕಡಲತೀರದ ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿರುವುದಕ್ಕಿಂತ 10ರಿಂದ 15 ಪಟ್ಟು ಹೆಚ್ಚಿರಬಹುದು.

ಚರ್ಮ ಕಂದುವುದೆಂದರೆ ಏನು ಎಂಬುದು ತಿಳಿದದ್ದು ನಿಧಾನವಾಗಿ. ಬಿ ಕಿರಣ ಕೋಶದ ಡಿಎನ್‌ಎಯ ಪಕ್ಕಪಕ್ಕದ ಕೊಂಡಿಗಳನ್ನು ತಪ್ಪಾಗಿ ಬೆಸೆಯುತ್ತದೆ. ಎ ಕಿರಣ ಆಮ್ಲಜನಕದ ಉಗ್ರ ರೂಪಗಳನ್ನು ಹುಟ್ಟಿಸಿ ಅದೇ ಡಿಎನ್‌ಎಯನ್ನು ಸವೆಸುತ್ತದೆ. ಈ ಪೆಟ್ಟು ಬಿದ್ದ ಮೇಲೆಯೇ ಕೋಶ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ವಸ್ತುವನ್ನು ತಯಾರಿಸುವ ಸಂದೇಶ ಕಳುಹಿಸುವುದು. ಅಂದರೆ ಕಂದುಬಣ್ಣ ಕಾಣುವ ಹೊತ್ತಿಗೆ ಹಾನಿ ಆಗಿ ಮುಗಿದಿರುತ್ತದೆ. ಬಹುಪಾಲು ಪೆಟ್ಟುಗಳನ್ನು ಕೋಶ ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ಈ ರಿಪೇರಿಯ ಶಕ್ತಿ ಹುಟ್ಟಿನಿಂದಲೇ ಇಲ್ಲದ ಮಕ್ಕಳಿಗೆ ಎಳವೆಯಲ್ಲೇ ಚರ್ಮದ ಕ್ಯಾನ್ಸರ್ ಬರುತ್ತದೆಂದು 1968ರಲ್ಲಿ ಜೇಮ್ಸ್ ಕ್ಲೀವರ್ ತೋರಿಸಿದ್ದರು. ಉಳಿದವರಲ್ಲೂ ರಿಪೇರಿಯಾಗದೆ ಉಳಿದ ತಪ್ಪುಗಳು ವರ್ಷದಿಂದ ವರ್ಷಕ್ಕೆ ಕೂಡುತ್ತ ಹೋಗುತ್ತವೆ. 2007ರಲ್ಲಿ ಬಾಸ್ಟನ್ನಿನ ಸಂಶೋಧಕರು ಇನ್ನೊಂದು ಸಂಗತಿ ಕಂಡರು: ಮೆಲನಿನ್ ತಯಾರಿಗೆ ಕರೆ ಕೊಡುವ ಅದೇ ಕ್ರಿಯೆಯಲ್ಲಿ ಬೀಟಾ ಎಂಡಾರ್ಫಿನ್ ಎಂಬ, ಅಫೀಮಿನ ಗುಣವಿರುವ ವಸ್ತುವೂ ತಯಾರಾಗುತ್ತದೆ. ನೋಡಲು ಒಂದೇ ತೆರನಾದ ಎರಡು ಯಂತ್ರಗಳಲ್ಲಿ ಒಂದರ ಅತಿನೇರಳೆಯನ್ನು ಗುಟ್ಟಾಗಿ ತಡೆದಿಟ್ಟಾಗ, ಅಭ್ಯಾಸವಿದ್ದವರು ಹೆಚ್ಚುಕಡಿಮೆ ಪ್ರತಿಸಲವೂ ನಿಜವಾದ ಯಂತ್ರವನ್ನೇ ಆರಿಸಿಕೊಂಡದ್ದು 2004ರ ಒಂದು ಪ್ರಯೋಗದಲ್ಲಿ ಕಂಡಿತ್ತು. ಬಿಡಬೇಕೆಂದರೂ ಬಿಡಲಾಗದೆ ಮತ್ತೆ ಮತ್ತೆ ಬರುವ ಹುಡುಗಿಯರನ್ನು ಬರೀ ಶೋಕಿಯವರೆಂದು ಬೈಯುವುದು ಆದ್ದರಿಂದ ಅನ್ಯಾಯ.

ಹುಡುಗಿಯರೇ ಹೆಚ್ಚು ಬಂದದ್ದಕ್ಕೆ ಕಾರಣ ವ್ಯಾಪಾರದ ರೀತಿಯಲ್ಲೂ ಇತ್ತು. ಯಂತ್ರಗಳನ್ನು ಇಟ್ಟದ್ದು ಹೆಂಗಸರ ಕೂದಲು ಕತ್ತರಿಸುವ ಸಲೂನುಗಳಲ್ಲಿ, ಜಿಮ್‌ಗಳಲ್ಲಿ, ಕಾಲೇಜುಗಳ ಸುತ್ತಮುತ್ತ. ಮದುವೆಗೆ ಮುಂಚೆ, ಶಾಲೆಯ ಕೊನೆಯ ನೃತ್ಯಕೂಟಕ್ಕೆ ಮುಂಚೆ, ಕಡಲತೀರದ ರಜೆಗೆ ಮುಂಚೆ ಹೋಗಿ ಬರುವುದು ಅಲಂಕಾರದ ಒಂದು ಭಾಗವಾಯಿತು. ತಿಂಗಳಿಗಿಷ್ಟು ಕಟ್ಟಿದರೆ ಬೇಕಾದಷ್ಟು ಸಲ ಮಲಗಬಹುದಾದ ಪ್ಯಾಕೇಜುಗಳಿದ್ದವು. ರಜೆಗೆ ಮೊದಲೇ ಸ್ವಲ್ಪ ಕಂದಿಸಿಕೊಂಡರೆ ಆಮೇಲೆ ಬಿಸಿಲು ಸುಡದು ಎಂಬ ಮಾತನ್ನು ತಾಯಂದಿರೂ ನಂಬಿ ಮಗಳ ಜೊತೆ ಬರುತ್ತಿದ್ದರು. ಹಾಗೆ ಬಂದ ಬಣ್ಣದ ರಕ್ಷಣೆ, ಬಿಸಿಲು ತಡೆಯುವ ಶಕ್ತಿಯ ಅಳತೆಯಲ್ಲಿ, 3 ಅಥವಾ 4 ಎಸ್‌ಪಿಎಫ್‌ನ ಕ್ರೀಮಿನಷ್ಟು ಮಾತ್ರ. 2012ರಲ್ಲಿ ಅಮೆರಿಕದ ಸಂಸತ್ತಿನ ಒಂದು ಸಮಿತಿಯ ಸಿಬ್ಬಂದಿ ಬಿಳಿಚರ್ಮದ ಹದಿಹರೆಯದ ಹುಡುಗಿಯರಂತೆ ಮಾತಾಡುತ್ತ ದೇಶದ 300 ಸಲೂನುಗಳಿಗೆ ಫೋನ್ ಮಾಡಿದಾಗ, 10ರಲ್ಲಿ 9 ಕಡೆ ಆರೋಗ್ಯಕ್ಕೆ ಅಪಾಯವಿಲ್ಲವೆಂಬ ಉತ್ತರ ಬಂತು.

ಅಷ್ಟರಲ್ಲಿ ಪುರಾವೆ ಗುಡ್ಡೆ ಬಿದ್ದಿತ್ತು. 1991-92ರಲ್ಲಿ ನಾರ್ವೆ ಮತ್ತು ಸ್ವೀಡನ್ನಿನ 1,06,379 ಹೆಂಗಸರನ್ನು ಸೇರಿಸಿಕೊಂಡು ಶುರುವಾದ ಅಧ್ಯಯನದ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಹರೆಯದಿಂದ 39 ವರ್ಷದೊಳಗೆ ಯಾವುದಾದರೂ ಒಂದು ದಶಕದಲ್ಲಿ ತಿಂಗಳಿಗೊಮ್ಮೆಯಾದರೂ ಸೊಲೇರಿಯಂಗೆ ಹೋದವರಲ್ಲಿ ಮೆಲನೋಮದ ಸಾಧ್ಯತೆ 55 ಶೇಕಡ ಹೆಚ್ಚಿತ್ತು. ಲಿಯಾನ್ ಸಂಸ್ಥೆಯ ತಂಡ ಆವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ, 35 ವರ್ಷಕ್ಕೆ ಮುಂಚೆ ಶುರುಮಾಡಿದವರಲ್ಲಿ ಮೆಲನೋಮದ ಅಪಾಯ 75 ಶೇಕಡ ಹೆಚ್ಚೆಂದು ಕಂಡಿತು. 2009ರ ತೀರ್ಮಾನಕ್ಕೆ ಇದೇ ಬುನಾದಿ. ಅಮೆರಿಕದ 73,494 ನರ್ಸುಗಳನ್ನು 20 ವರ್ಷ ಹಿಂಬಾಲಿಸಿದ ಅಧ್ಯಯನ 2012ರಲ್ಲಿ ಬಂತು. ಹೈಸ್ಕೂಲು, ಕಾಲೇಜಿನ ದಿನಗಳಲ್ಲಿ ಯಂತ್ರ ಬಳಸಿದ್ದವರಲ್ಲಿ ತಳಪದರದ ಕ್ಯಾನ್ಸರ್ ಆಮೇಲೆ ಬಳಸಿದವರಿಗಿಂತ ಇನ್ನಷ್ಟು ಹೆಚ್ಚೆಂದು ಅದು ತೋರಿಸಿತು. ಮಿನೆಸೋಟದಲ್ಲಿ ನಡೆದ, 2016ರಲ್ಲಿ ಪ್ರಕಟವಾದ ಅಧ್ಯಯನದ ಒಂದು ಸಂಖ್ಯೆ ಎದೆ ನಡುಗಿಸುವಂಥದು. ಅದರಲ್ಲಿ 30 ತುಂಬುವ ಮೊದಲೇ ಮೆಲನೋಮ ಬಂದ 63 ಹೆಂಗಸರಿದ್ದರು. ಅವರಲ್ಲಿ 61 ಮಂದಿ ಟ್ಯಾನಿಂಗ್ ಯಂತ್ರ ಬಳಸಿದ್ದರು.

ಐಸ್‌ಲ್ಯಾಂಡಿನ ಅನುಭವ ಇವೆಲ್ಲಕ್ಕಿಂತ ಕಣ್ಣಿಗೆ ಕಟ್ಟುತ್ತದೆ. ಉತ್ತರ ಧ್ರುವ ವೃತ್ತದ ಅಂಚಿನ ಆ ದೇಶದಲ್ಲಿ ಬಿಸಿಲು ಅಪರೂಪ. ಚಳಿಗಾಲದಲ್ಲಿ ಹಗಲು ಕೆಲವೇ ಗಂಟೆ. 1980ರ ದಶಕದಲ್ಲಿ ರೇಕ್ಯಾವಿಕ್ ನಗರದ ತುಂಬ ಸನ್‌ಬೆಡ್ ಬಂದವು. 1990ರ ದಶಕದಲ್ಲಿ ಹೆಂಗಸರ ಮೆಲನೋಮ ಕಡಿದಾಗಿ ಏರಿತು. ಅದರಲ್ಲೂ ಏರಿದ್ದು 50ರ ಒಳಗಿನವರಲ್ಲಿ, ಮತ್ತು ಎದೆ, ಬೆನ್ನು, ಹೊಟ್ಟೆಯ ಭಾಗದಲ್ಲಿ. ಅಷ್ಟು ಚಳಿಯ ಊರಿನಲ್ಲಿ ಬಟ್ಟೆಯಡಿ ಇರುವ ಈ ಭಾಗಗಳಿಗೆ ಬಿಸಿಲು ಬೀಳುವುದು ತೀರ ಕಡಿಮೆ. ಬಿಸಿಲಿನ ದೇಶಗಳಿಗೆ ರಜೆಗೆ ಹೋಗುವುದು ಹೆಚ್ಚಿದ್ದೂ ಒಂದು ಕಾರಣವಿರಬಹುದೆಂದು ಸಂಶೋಧಕರು ಅದನ್ನೂ ತೂಗಿ ನೋಡಿದರು. ಆದರೂ ಸನ್‌ಬೆಡ್‌ನ ಪಾಲು ದೊಡ್ಡದೆಂದೇ ಅವರಿಗೆ ಕಂಡಿತು. ಆರೋಗ್ಯ ಇಲಾಖೆಯ ಪ್ರಚಾರದಿಂದ ಬಳಕೆ ತಗ್ಗಿದ ಮೇಲೆ, 2000ದ ದಶಕದಲ್ಲಿ, ಆ ಏರಿಕೆಯೂ ಇಳಿಯಿತು.

ಅತಿನೇರಳೆ ಚಿಕಿತ್ಸೆ ಆಸ್ಪತ್ರೆಗಳಲ್ಲಿ ಈಗಲೂ ಇದೆ, ಮತ್ತು ಅದರ ಬೇರುಗಳಲ್ಲಿ ಒಂದು ಭಾರತದ್ದು. ತೊನ್ನಿಗೆ ಬಾವಂಚಿ ಬೀಜವನ್ನು ಹಚ್ಚಿ ಬಿಸಿಲಿಗೆ ಒಡ್ಡುವುದು ಇಲ್ಲಿನ ಹಳೆಯ ವೈದ್ಯ. ಬಾವಂಚಿಯಲ್ಲಿರುವ ಸೊರಾಲೆನ್ ಎಂಬ ವಸ್ತು ಚರ್ಮವನ್ನು ಬೆಳಕಿಗೆ ಸೂಕ್ಷ್ಮವಾಗಿಸುತ್ತದೆ. 1974ರಲ್ಲಿ ಬಾಸ್ಟನ್ನಿನ ವೈದ್ಯರು ಸೊರಾಲೆನ್ ಮಾತ್ರೆ ಕೊಟ್ಟು, ಎ ಕಿರಣದ ಟ್ಯೂಬ್‌ಗಳಿದ್ದ ಪೆಟ್ಟಿಗೆಯಲ್ಲಿ ನಿಲ್ಲಿಸಿ ಸೋರಿಯಾಸಿಸ್ ಎಂಬ ಚರ್ಮರೋಗವನ್ನು ತಗ್ಗಿಸಿದರು. ಅವರ ರೋಗಿಗಳನ್ನು ಆಮೇಲೆ ದಶಕಗಳ ಕಾಲ ಗಮನಿಸಲಾಯಿತು. ಹೆಚ್ಚು ಸಲ ಚಿಕಿತ್ಸೆ ಪಡೆದವರಲ್ಲಿ ಚರ್ಮದ ಕ್ಯಾನ್ಸರ್ ಹೆಚ್ಚೆಂದು ತಿಳಿದ ಮೇಲೆ ವೈದ್ಯರು ಒಬ್ಬರಿಗೆ ಎಷ್ಟು ಸಲ ಎಂದು ಮಿತಿ ಹಾಕಿದರು, ಇನ್ನೂ ಸುರಕ್ಷಿತವಾದ ಕಿರಣದ ಕಡೆ ಹೊರಳಿದರು. ಸಲೂನಿನ ಗಿರಾಕಿಗೆ ಈ ಲೆಕ್ಕ ಇಡುವವರು ಯಾರೂ ಇರಲಿಲ್ಲ. ಭಾರತದ ಹೆಂಗಸರಲ್ಲಿ ಮೆಲನಿನ್ ಹೆಚ್ಚಿರುವುದರಿಂದ ಮೆಲನೋಮ ವಿರಳ. ಇಲ್ಲಿ ಸೌಂದರ್ಯದ ಮಾರುಕಟ್ಟೆ ಹಿಡಿದದ್ದು ತದ್ವಿರುದ್ಧ ದಾರಿ. 1975ರಿಂದ ಮಾರಾಟವಾದ ಬಿಳುಪಿನ ಕ್ರೀಮು ಅದರ ಗುರುತು.

ಕಾನೂನುಗಳು ತಡವಾಗಿ ಬಂದವು. ಫ್ರಾನ್ಸ್ 1997ರಲ್ಲೇ 18ರೊಳಗಿನವರಿಗೆ ಯಂತ್ರ ನಿಷೇಧಿಸಿತು. ಜರ್ಮನಿ 2009ರಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್ 2011ರಲ್ಲಿ ಆ ದಾರಿ ಹಿಡಿದವು. ವಯಸ್ಸಿನ ಭೇದವಿಲ್ಲದೆ ಎಲ್ಲರಿಗೂ ನಿಷೇಧಿಸಿದ ಮೊದಲ ದೇಶ ಬ್ರೆಜಿಲ್, 2009ರ ನವೆಂಬರಿನಲ್ಲಿ. ಆಸ್ಟ್ರೇಲಿಯಾದಲ್ಲಿ ಜನಾಭಿಪ್ರಾಯವನ್ನು ತಿರುಗಿಸಿದ್ದು ಮೆಲ್ಬರ್ನಿನ ಕ್ಲೇರ್ ಆಲಿವರ್ ಎಂಬ ಯುವತಿ. ಇಪ್ಪತ್ತರ ಹರೆಯದಲ್ಲಿ ಸೊಲೇರಿಯಂ ಬಳಸಿದ್ದ ಆಕೆ ಮೆಲನೋಮದ ಕೊನೆಯ ಹಂತದಲ್ಲಿ ಟಿವಿ, ಪತ್ರಿಕೆಗಳಲ್ಲಿ ತನ್ನ ಕತೆ ಹೇಳಿ, 2007ರ ಸೆಪ್ಟೆಂಬರಿನಲ್ಲಿ 26ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆಕೆಯ ರಾಜ್ಯವಾದ ವಿಕ್ಟೋರಿಯಾ ಮರುವರ್ಷ ನಿಯಮ ತಂದಿತು. 2015 ಶುರುವಾಗುವ ಹೊತ್ತಿಗೆ ಹೆಚ್ಚಿನ ರಾಜ್ಯಗಳಲ್ಲಿ, 2016ರ ಜನವರಿಯಿಂದ ಪಶ್ಚಿಮ ಆಸ್ಟ್ರೇಲಿಯಾದಲ್ಲೂ ಸೊಲೇರಿಯಂ ವ್ಯಾಪಾರ ನಿಂತಿತು. ಅಮೆರಿಕದಲ್ಲಿ ಹೋರಾಟ ಹೆಚ್ಚು ಕಷ್ಟದ್ದಾಗಿತ್ತು. ಟ್ಯಾನಿಂಗ್‌ನಿಂದ ಡಿ ವಿಟಮಿನ್ ಸಿಗುತ್ತದೆ, ಕ್ಯಾನ್ಸರ್ ಭಯ ಬೇಡ ಎಂದು ಉದ್ಯಮದ ಸಂಘ ಜಾಹೀರಾತು ಕೊಟ್ಟಿತ್ತು. 2010ರಲ್ಲಿ ಕೇಂದ್ರ ವ್ಯಾಪಾರ ಆಯೋಗ ಅದನ್ನು ತಡೆಯಿತು. ಅದೇ ವರ್ಷ ಟ್ಯಾನಿಂಗ್ ಮೇಲೆ 10 ಶೇಕಡ ತೆರಿಗೆ ಬಿತ್ತು. 2012ರಲ್ಲಿ ಕ್ಯಾಲಿಫೋರ್ನಿಯಾ 18ರೊಳಗಿನವರಿಗೆ ನಿಷೇಧಿಸಿದ ಮೊದಲ ರಾಜ್ಯವಾಯಿತು. ದೇಶದ ಹೈಸ್ಕೂಲು ವಿದ್ಯಾರ್ಥಿಗಳಲ್ಲಿ ಯಂತ್ರ ಬಳಸುವವರು 2009ರಲ್ಲಿ 15.6 ಶೇಕಡ ಇದ್ದದ್ದು 2015ಕ್ಕೆ 7.3 ಶೇಕಡಕ್ಕೆ ಇಳಿಯಿತು.

ಯಂತ್ರ ನಿಂತರೂ ರೋಗ ಕೂಡಲೇ ನಿಲ್ಲುವುದಿಲ್ಲ. ಪೆಟ್ಟು ಬಿದ್ದ ಕೋಶ ಗಡ್ಡೆಯಾಗಲು ಹತ್ತು, ಇಪ್ಪತ್ತು, ಮೂವತ್ತು ವರ್ಷ ಹಿಡಿಯಬಹುದು. ನಾರ್ವೆಯ 1,41,045 ಹೆಂಗಸರನ್ನು ಹಿಂಬಾಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 30ಕ್ಕೆ ಮುಂಚೆ ಶುರುಮಾಡಿದವರಲ್ಲಿ ಮೆಲನೋಮ ಪತ್ತೆಯಾದ ವಯಸ್ಸು ಎಂದೂ ಬಳಸದವರಿಗಿಂತ ಸರಾಸರಿ ಎರಡು ವರ್ಷ ಮುಂಚೆ. ಹಾಗಾಗಿ 1980, 1990ರ ದಶಕಗಳಲ್ಲಿ ಹುಡುಗಿಯರಾಗಿದ್ದವರ ಮೈಯನ್ನು ಚರ್ಮ ವೈದ್ಯರು ಇಂದಿಗೂ ಬೆನ್ನು, ಎದೆ, ಕಾಲು ಎಂದು ಒಂದೊಂದೇ ಮಚ್ಚೆ ನೋಡಿ ಪರೀಕ್ಷಿಸುತ್ತಾರೆ. ಎರಡು ಅರ್ಧ ಒಂದೇ ತೆರನಾಗಿಲ್ಲದ, ಅಂಚು ಹರಕಾದ, ಒಂದಕ್ಕಿಂತ ಹೆಚ್ಚು ಬಣ್ಣವಿರುವ, 6 ಮಿಲಿಮೀಟರ್‌ಗಿಂತ ದೊಡ್ಡದಾದ, ದಿನೇದಿನೇ ಬದಲಾಗುವ ಮಚ್ಚೆಯನ್ನು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಮೆಲನೋಮವೆಂದಾದರೆ ಅದು ಚರ್ಮದೊಳಗೆ ಎಷ್ಟು ಆಳ ಇಳಿದಿದೆ ಎಂಬುದನ್ನು ಮಿಲಿಮೀಟರಿನ ಲೆಕ್ಕದಲ್ಲಿ ಅಳೆಯುತ್ತಾರೆ. ಅಮೆರಿಕದ ಅಲೆಕ್ಸಾಂಡರ್ ಬ್ರೆಸ್ಲೋ 1970ರಲ್ಲಿ ಕಟ್ಟಿಕೊಟ್ಟ ಈ ಅಳತೆಯಲ್ಲಿ 1 ಮಿಲಿಮೀಟರ್‌ನೊಳಗಿದ್ದರೆ ಸಣ್ಣ ಶಸ್ತ್ರಚಿಕಿತ್ಸೆಯಿಂದಲೇ ಬಹುತೇಕ ಹೆಂಗಸರು ಗುಣವಾಗುತ್ತಾರೆ.